ಇದು ನಿಜವಾಗಿಯೂ ರಾಜನ ಮನೆಯದ್ದಾ? ಫ್ರಾನ್ಸಿನ ಅರಮನೆ ಪೀಠೋಪಕರಣಗಳನ್ನು ಗುರುತಿಸುವ ಬಗೆ

ವರ್ಸೇಲ್ಸ್ ಅರಮನೆ ನೋಡಿ ಬಂದವರು, ಹರಾಜಿನ ಕೆಟಲಾಗಿನಲ್ಲಿ ಚಿನ್ನದ ಕುರ್ಚಿ ಕಂಡವರು, ತಾತನ ಕಾಲದ 'ಫ್ರೆಂಚ್ ಟೇಬಲ್' ಮನೆಯಲ್ಲಿ ಇರುವವರು. ಇವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಇದನ್ನು ಮಾಡಿದವರು ಯಾರು? ರಾಜನ ಮನೆಗೆ ಸೇರಿದ್ದು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ ಕೊಡಲು ಒಂದು ದಾರಿ ಇದೆ. ಹಂತ ಹಂತವಾಗಿ ಹೋದರೆ ಯಾರಿಗಾದರೂ ಸಾಧ್ಯ. ಒಂದು ಮಾತನ್ನು ಮಾತ್ರ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಣ್ಣು ಕುಕ್ಕುವ ಮುಂಭಾಗವನ್ನು ನಕಲು ಮಾಡಲು ಇನ್ನೂರು ವರ್ಷಗಳಿಂದ ಜನ ಕಲಿತಿದ್ದಾರೆ. ಆದ್ದರಿಂದ ನಿಮ್ಮ ಹುಡುಕಾಟದ ಹೆಚ್ಚಿನ ಭಾಗ ಹಿಂಬದಿಯಲ್ಲಿ, ಅಡಿಯಲ್ಲಿ, ಡ್ರಾಯರ್‌ನ ಒಳಗೆ ನಡೆಯಬೇಕು. ಕೊನೆಗೆ ಅಲ್ಲಿ ಸಿಕ್ಕಿದ್ದು ಒಂದು ಹಳೆಯ ಲೆಕ್ಕದ ಪುಸ್ತಕದ ಜೊತೆ ತಾಳೆಯಾಗಬೇಕು.

ಬೇಕಾದ ಸಾಮಾನು

ಒಂದು ಟಾರ್ಚ್, ಒಂದು ಭೂತಗನ್ನಡಿ, ಸೆಂಟಿಮೀಟರ್ ಇರುವ ಟೇಪು, ಫೋಟೋ ತೆಗೆಯಲು ಫೋನು. ಇಷ್ಟು ಸಾಕು. ಮಾಲೀಕರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಅಮೃತಶಿಲೆಯ ಹಲಗೆಯನ್ನು ಒಬ್ಬರೇ ಎತ್ತಲು ಹೋಗಬೇಡಿ. ಅದು ತುಂಬಾ ಭಾರ. ಅಡ್ಡಲಾಗಿ ಹಿಡಿದರೆ ತನ್ನ ತೂಕಕ್ಕೇ ಮುರಿದುಬಿಡುತ್ತದೆ. ಇಬ್ಬರು ಸೇರಿ ಗಾಜಿನ ಹಲಗೆ ಹಿಡಿಯುವ ರೀತಿ ನಿಲ್ಲಿಸಿಕೊಂಡು ಹಿಡಿಯಬೇಕು.

ಹಂತ 1: ಕಾಲುಗಳನ್ನು ನೋಡಿ, ಕಾಲ ಊಹಿಸಿ

ಮೊದಲು ಕೆಳಗೆ ನೋಡಿ. 14ನೇ ಲೂಯಿಯ ಆಳ್ವಿಕೆಯಲ್ಲಿ (1643–1715) ಪೀಠೋಪಕರಣ ಗಟ್ಟಿ, ಭಾರ, ಎಡಬಲ ಸಮಾನ. 15ನೇ ಲೂಯಿಯ ಕಾಲದಲ್ಲಿ (1715–1774) ಎಲ್ಲವೂ ಬಳುಕುತ್ತದೆ. ಕಾಲುಗಳು ಮೇಲೆ ಹೊರಕ್ಕೆ ಉಬ್ಬಿ ಕೆಳಗೆ ಒಳಕ್ಕೆ ಬಾಗುತ್ತವೆ. ಡ್ರಾಯರ್‌ಗಳ ಮುಖ ಕೂಡ ಉಬ್ಬಿಕೊಂಡಿರುತ್ತದೆ. 16ನೇ ಲೂಯಿಯ ಕಾಲಕ್ಕೆ (1774–1792) ಬಂದರೆ ಗೆರೆಗಳು ಮತ್ತೆ ನೆಟ್ಟಗಾಗುತ್ತವೆ. ಕಾಲುಗಳು ಗ್ರೀಕ್ ಕಂಬದ ಹಾಗೆ ಉದ್ದುದ್ದ ಗೀರುಗಳೊಂದಿಗೆ ಕೆಳಗೆ ಸಣ್ಣಗಾಗುತ್ತವೆ.

1760ರ ದಶಕದಲ್ಲಿ ಎರಡೂ ಬೆರೆತ ಶೈಲಿ ಇತ್ತು. ಕಾಲು ಬಳುಕು, ಮೈ ನೇರ. ಹಾಗಾಗಿ ರಾಜ ಬದಲಾದ ವರ್ಷಕ್ಕೇ ಶೈಲಿಯೂ ಬದಲಾಯಿತು ಅಂದುಕೊಳ್ಳಬೇಡಿ.

ಇಲ್ಲೊಂದು ಎಚ್ಚರಿಕೆ. ಶೈಲಿಯ ಹೆಸರು ಬೇರೆ, ಕಾಲ ಬೇರೆ. ನಮ್ಮ ಕಲ್ಯಾಣ ಮಂಟಪಗಳಲ್ಲಿ ವಧೂವರರು ಕೂರುವ ಚಿನ್ನದ ಬಣ್ಣದ ಬಳುಕು ಸೋಫಾ ಕೂಡ 'ಲೂಯಿ 15' ಶೈಲಿಯದ್ದೇ. ಕೆಟಲಾಗಿನಲ್ಲಿ "ಲೂಯಿ 15 ಶೈಲಿ" ಎಂದಿದ್ದರೆ ಅದು ಯಾವ ವರ್ಷದ್ದಾದರೂ ಆಗಿರಬಹುದು. "ಲೂಯಿ 15 ಕಾಲದ್ದು" ಎಂದಿದ್ದರೆ ಮಾತ್ರ ಮಾರುವವರು 18ನೇ ಶತಮಾನದ ಹೊಣೆ ಹೊತ್ತಿದ್ದಾರೆ. ಆ ಒಂದು ಪದವನ್ನು ಗಮನವಿಟ್ಟು ಓದಿ.

ಹಂತ 2: ಯಾವ ಕಸುಬಿನವರ ಕೆಲಸ ಎಂದು ಬೇರ್ಪಡಿಸಿ

ಆಗಿನ ಪ್ಯಾರಿಸ್‌ನಲ್ಲಿ ಬಡಗಿ ಅಂದರೆ ಎಲ್ಲ ಮಾಡುವವನು ಅಲ್ಲ. ಒಂದೇ ಗಿಲ್ಡ್ (ಕಸುಬುದಾರರ ಸಂಘ) ಒಳಗೆ ಎರಡು ಬಗೆಯವರಿದ್ದರು. ಕುರ್ಚಿ, ಮಂಚ, ಗೋಡೆಗೆ ಒರಗಿಸುವ ಮೇಜಿನ ಚೌಕಟ್ಟು ಇವನ್ನು ಗಟ್ಟಿ ಮರದಿಂದ ಮಾಡುವವರು 'ಮೆನ್ಯುಸಿಯೆ'. ತೆಳು ಮರದ ಹಾಳೆ ಹೊದಿಸಿದ ಬೀರು, ಡೆಸ್ಕು, ಕಮೋಡ್ ಮಾಡುವವರು 'ಎಬೆನಿಸ್ಟ್'. ಕಮೋಡ್ ಅಂದರೆ ಇಲ್ಲಿ ಎರಡು ಮೂರು ಡ್ರಾಯರ್ ಇರುವ, ಮೇಲೆ ಅಮೃತಶಿಲೆ ಹಾಸಿದ ಗಿಡ್ಡ ಬೀರು.

ಕುರ್ಚಿಯ ಮೇಲೆ 16ನೇ ಲೂಯಿಯ ಕಾಲದ ಹೆಸರಾಂತ ಕಸುಬುದಾರ ರೀಸನೇರ್ ಹೆಸರು ಕಂಡರೆ ನೀವು ಹುಬ್ಬೇರಿಸಬೇಕು. ಅವನು ಎಬೆನಿಸ್ಟ್. ಕುರ್ಚಿಗಳಿಗೆ ಬೇರೆ ಹೆಸರುಗಳನ್ನು ಹುಡುಕಿ: ನಿಕೊಲಾ ಫೋಲಿಯೋ, ಜಾನ್-ಬಾಪ್ಟಿಸ್ಟ್ ಸೆನೇ, ಬೂಲಾರ್, ಜಾರ್ಜ್ ಜಾಕೋಬ್. ಜಾಕೋಬ್ (1739–1814) 16ನೇ ಲೂಯಿಯ ರಾಣಿ ಮೇರಿ ಆಂಟೊನೆಟ್‌ಳ ರಾಂಬುಯೆ ಹಾಲುಮನೆಗೆ 1787ರಲ್ಲಿ ಕುರ್ಚಿ ಮಾಡಿಕೊಟ್ಟವನು.

ಒಂದೇ ಕುರ್ಚಿಗೆ ಎಷ್ಟು ಕೈ ಬೇಕಿತ್ತು ಗೊತ್ತಾ? ಮೆನ್ಯುಸಿಯೆ ಚೌಕಟ್ಟು ಕಟ್ಟುತ್ತಿದ್ದ. ಕೆತ್ತನೆಯವನು ಹೂಬಳ್ಳಿ ಬಿಡಿಸುತ್ತಿದ್ದ. ಇನ್ನೊಬ್ಬ ಚಿನ್ನದ ರೇಕು ಅಂಟಿಸುತ್ತಿದ್ದ. ಮತ್ತೊಬ್ಬ ಗಾದಿ ಹೊಲಿದು ರೇಷ್ಮೆ ಹೊದಿಸುತ್ತಿದ್ದ. ಕೆಳಗೆ ಒತ್ತಿರುವುದು ಮೆನ್ಯುಸಿಯೆಯ ಹೆಸರು ಮಾತ್ರ. ನಾವು ಮೆಚ್ಚಿ ನೋಡುವ ಕೆತ್ತನೆ ಹಲವು ಬಾರಿ ಹೆಸರಿಲ್ಲದ ಇನ್ನೊಬ್ಬನದ್ದು. ಇದು ಸಣ್ಣ ಅನ್ಯಾಯವಲ್ಲ. ಅದಕ್ಕೇ ಯಾವುದನ್ನಾದರೂ 'ಒಬ್ಬ ಮಹಾನ್ ಕಲಾವಿದನ ಕೃತಿ' ಅಂತ ಕರೆಯುವಾಗ ನನಗೆ ಹಿಂಜರಿಕೆ.

ಹಂತ 3: ಮೈಹೊದಿಕೆ ಮತ್ತು ಒಳಗಿನ ಮರ

ಎಬೆನಿಸ್ಟ್‌ನ ಕೆಲಸದಲ್ಲಿ ಒಳಗಿನ ಪೆಟ್ಟಿಗೆ ಸಾಮಾನ್ಯವಾಗಿ ಓಕ್ ಮರದ್ದು. ಅದರ ಮೇಲೆ ಟ್ಯುಲಿಪ್‌ವುಡ್, ಕಿಂಗ್‌ವುಡ್, ಅಮರಾಂತ್‌ನಂಥ ಅಮೆರಿಕಾ ಖಂಡದ ಮರಗಳ ತೆಳು ಹಾಳೆ. ಇದೇ ವೆನೀರ್. ಬಣ್ಣಬಣ್ಣದ ವೆನೀರ್ ತುಂಡುಗಳನ್ನು ಹೂವು, ಬುಟ್ಟಿ, ವಾದ್ಯಗಳ ಚಿತ್ರವಾಗಿ ಜೋಡಿಸಿದರೆ ಮಾರ್ಕೆಟ್ರಿ.

ಮೈಸೂರಿನ ಬೀಟೆ ಮರದ ಇನ್‌ಲೇ ನೋಡಿದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ನಮ್ಮವರು ಗಟ್ಟಿ ಬೀಟೆಯ ಹಲಗೆಯಲ್ಲಿ ಗುಳಿ ಕೊರೆದು ಬೇರೆ ಮರದ ತುಂಡನ್ನು ಅದರೊಳಗೆ ಕೂರಿಸುತ್ತಾರೆ. ಹಲಗೆ ಸುತ್ತಲೂ ಹಾಗೇ ಕಾಣುತ್ತದೆ. ಪ್ಯಾರಿಸ್‌ನವರು ಗುಳಿ ಕೊರೆಯುವುದಿಲ್ಲ. ಚಿತ್ರ, ಹಿನ್ನೆಲೆ ಎರಡನ್ನೂ ತೆಳು ಹಾಳೆಗಳಲ್ಲೇ ಕತ್ತರಿಸಿ, ಜೋಡಿಸಿ, ಇಡೀ ಹಾಳೆಯನ್ನು ಓಕ್ ಮೇಲೆ ಅಂಟಿಸುತ್ತಾರೆ. ಓಕ್ ಹೊರಗೆ ಕಾಣುವುದೇ ಇಲ್ಲ.

ಹೊಸದೋ ಹಳೆಯದೋ ತಿಳಿಯಲು ಇವನ್ನು ನೋಡಿ:

- ವೆನೀರ್ ಎಲ್ಲಾದರೂ ಎದ್ದು ಬಂದಿದ್ದರೆ ಅದರ ದಪ್ಪ ಗಮನಿಸಿ. ಕೈ ಗರಗಸದಲ್ಲಿ ಕೊಯ್ದ ಹಾಳೆ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ದಪ್ಪ. ಯಂತ್ರದ ಬ್ಲೇಡು ಸೀಳಿದ ಹಾಳೆ ಕಾಗದದಂತೆ ತೆಳು.
- ಹಿಂಬದಿಯ ಹಲಗೆಯ ಮೇಲೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಗರಗಸದ ಗುರುತು ನೇರ ಗೆರೆಗಳಾಗಿದ್ದರೆ ಕೈಕೆಲಸ. ಕಮಾನಿನಂತೆ ಬಾಗಿದ ಗೆರೆ ಕಂಡರೆ ತಿರುಗುವ ಗರಗಸ, ಅಂದರೆ 19ನೇ ಶತಮಾನ ಅಥವಾ ಆಮೇಲಿನದು.
- ಸ್ಕ್ರೂಗಳ ತುದಿ ಚೂಪಾಗಿ, ಎಲ್ಲವೂ ಒಂದೇ ಅಚ್ಚಿನಂತಿದ್ದರೆ ಅವು ಯಂತ್ರದಲ್ಲಿ ಮಾಡಿದವು. ಆದರೆ ಸ್ಕ್ರೂ ಹೊಸದಾದ ಮಾತ್ರಕ್ಕೆ ಇಡೀ ವಸ್ತು ಹೊಸದು ಅಂತ ತೀರ್ಮಾನಿಸಬೇಡಿ. ಬೀಗ, ಹಿಡಿಕೆ ರಿಪೇರಿ ಆಗಿರಬಹುದು.
- ಹಿಂಬದಿ ಒರಟಾಗಿರುವುದು ಒಳ್ಳೆಯ ಲಕ್ಷಣ. ಗೋಡೆಗೆ ತಾಗುವ ಬದಿಗೆ ಪಾಲಿಶ್ ಮಾಡಿ ಯಾರೂ ಕಾಲ ಕಳೆಯುತ್ತಿರಲಿಲ್ಲ, ರಾಜನಿಗಾದರೂ ಸರಿ.

ಬಣ್ಣದ ಬಗ್ಗೆಯೂ ಒಂದು ಮಾತು. ಇಂದು ಜೇನು ಬಣ್ಣದ, ಸಪ್ಪೆ ಕಂದು ಬಣ್ಣದ ಮಾರ್ಕೆಟ್ರಿಯನ್ನು ನೋಡಿ ನಾವು 'ಎಷ್ಟು ಗಂಭೀರ' ಅನ್ನುತ್ತೇವೆ. ಅವು ಹಾಗಿರಲಿಲ್ಲ. ಮರದ ತುಂಡುಗಳಿಗೆ ಹಸಿರು, ನೀಲಿ, ಕೆಂಪು ಬಣ್ಣ ಹಾಕುತ್ತಿದ್ದರು. ಬೆಳಕಿಗೆ ಎಲ್ಲ ಮಾಸಿದೆ. ಕಂಚಿನ ಅಲಂಕಾರದ ಅಡಿಯಲ್ಲೋ ಬೆಳಕು ತಾಗದ ಒಳಭಾಗದಲ್ಲೋ ಹಳೆಯ ಬಣ್ಣ ಇನ್ನೂ ಸಿಗುತ್ತದೆ. ಮೇಲ್ಮೈ ಪೂರ್ತಿ ಒಂದೇ ಸಮನೆ ಝಗಮಗಿಸುತ್ತಿದ್ದರೆ ಒಮ್ಮೆ ಅನುಮಾನಪಡಿ.

ಇನ್ನು ಆಮೆಚಿಪ್ಪು ಮತ್ತು ಹಿತ್ತಾಳೆಯ ಕೆಲಸ. ಇದರ ದೊಡ್ಡ ಹೆಸರು ಆಂದ್ರೆ-ಶಾರ್ಲ್ ಬೂಲ್ (1642–1732). 1672ರಿಂದ ಅವನು ರಾಜನ ಎಬೆನಿಸ್ಟ್. ಲೂವ್ರ್ ಅರಮನೆಯ ಒಳಗೇ ಮನೆ, ಕಾರ್ಖಾನೆ. ಆಮೆಚಿಪ್ಪಿನ ಹಾಳೆ, ಹಿತ್ತಾಳೆಯ ಹಾಳೆ ಎರಡನ್ನೂ ಒಂದರ ಮೇಲೊಂದು ಇಟ್ಟು ಒಟ್ಟಿಗೆ ಕೊಯ್ಯುವುದು ಈ ವಿಧಾನ. ಹೀಗೆ ಕೊಯ್ದರೆ ಎರಡು ಜೋಡಿ ಸಿಗುತ್ತವೆ: ಕಪ್ಪು ಚಿಪ್ಪಿನಲ್ಲಿ ಹಿತ್ತಾಳೆಯ ಬಳ್ಳಿ ಒಂದು, ಹಿತ್ತಾಳೆಯಲ್ಲಿ ಚಿಪ್ಪಿನ ಬಳ್ಳಿ ಇನ್ನೊಂದು. ಜೋಡಿ ಬೀರುಗಳು ಒಂದಕ್ಕೊಂದು ತಿರುವುಮುರುವಾಗಿ ಕಾಣುವುದು ಇದೇ ಕಾರಣಕ್ಕೆ. 1708ರಲ್ಲಿ ಟ್ರಿಯಾನನ್ ಅರಮನೆಗೆ ಅವನು ಒಪ್ಪಿಸಿದ ಜೋಡಿ ಕಮೋಡ್ ಇಂದಿಗೂ ವರ್ಸೇಲ್ಸ್‌ನಲ್ಲಿವೆ. ಬೂಲ್ ತನ್ನ ಕೆಲಸಕ್ಕೆ ಮುದ್ರೆ ಒತ್ತುತ್ತಿರಲಿಲ್ಲ. ಆದ್ದರಿಂದ "ಬೂಲ್ ಅವರ ಮುದ್ರೆಯಿದೆ" ಎಂದು ಯಾರಾದರೂ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಈ ಶೈಲಿಯನ್ನು 19ನೇ ಶತಮಾನದಲ್ಲಿ ಧಾರಾಳವಾಗಿ ನಕಲು ಮಾಡಿದ್ದಾರೆ.

ಹಂತ 4: ಕಂಚು

ಮೂಲೆಗಳಲ್ಲಿ, ಹಿಡಿಕೆಗಳಲ್ಲಿ ಹೊಳೆಯುವುದು ಚಿನ್ನ ಲೇಪಿಸಿದ ಕಂಚು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಕಂಚಿಗೆ ಬಳಿದು ಕಾಯಿಸುತ್ತಿದ್ದರು. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಹೊಗೆ ಕೆಲಸಗಾರರ ಪ್ರಾಣ ತೆಗೆಯುವ ವಿಷ. ಈ ಚಿನ್ನದ ಬಣ್ಣಕ್ಕೆ ಒಂದು ಆಳ ಇರುತ್ತದೆ. ಕೆಲವು ಕಡೆ ಮಂಕು, ಕೆಲವು ಕಡೆ ಕನ್ನಡಿಯ ಹೊಳಪು, ಎರಡೂ ಬೇಕೆಂದೇ ಮಾಡಿದ್ದು. 1840ರ ದಶಕದ ನಂತರ ಬಂದ ವಿದ್ಯುತ್ ಲೇಪ ಎಲ್ಲೆಡೆ ಒಂದೇ ಸಮ.

ಕಂಚಿನ ಮೇಲೆ ಕಿರೀಟ ಹೊತ್ತ ಪುಟ್ಟ 'ಸಿ' ಅಕ್ಷರ ಕಂಡರೆ ಖುಷಿಪಡಿ. ಅದು ತೆರಿಗೆಯ ಗುರುತು. 1745ರ ಮಾರ್ಚ್‌ನಿಂದ 1749ರ ಫೆಬ್ರವರಿವರೆಗೆ ಮಾತ್ರ ಒತ್ತುತ್ತಿದ್ದರು. ಆದರೆ ಆಗ ಮಾರಾಟಕ್ಕೆ ಬಂದ ಹಳೆಯ ಕಂಚಿಗೂ ಅದೇ ಗುರುತು ಬೀಳುತ್ತಿತ್ತು. ಹಾಗಾಗಿ ಆ ಕಂಚು 1749ಕ್ಕಿಂತ ಈಚಿನದಲ್ಲ ಎಂದಷ್ಟೇ ಹೇಳಬಹುದು. ಅದನ್ನು ಬಿಚ್ಚಿ ಬೇರೆ ಬೀರುವಿಗೆ ಹಾಕಿರುವ ಸಾಧ್ಯತೆಯೂ ಇದೆ. ಸುತ್ತಮುತ್ತ ಖಾಲಿ ಸ್ಕ್ರೂ ತೂತುಗಳಿದ್ದರೆ ಕಾರಣ ಹುಡುಕಿ.

ಮರದ ಕೆಲಸದವರು ಕಂಚು ಎರಕ ಹೊಯ್ಯುವಂತಿರಲಿಲ್ಲ. ಅದು ಬೇರೆ ಗಿಲ್ಡ್‌ನ ಹಕ್ಕು. ಎಬೆನಿಸ್ಟ್ ಶಾರ್ಲ್ ಕ್ರೆಸಾನ್ ತನ್ನ ಕಂಚನ್ನು ತಾನೇ ಮಾಡಿಕೊಂಡು ದಂಡ ಕಟ್ಟಬೇಕಾಯಿತು. ಲಂಡನ್ನಿನ ವಾಲೆಸ್ ಕಲೆಕ್ಷನ್ ಮ್ಯೂಸಿಯಂನಲ್ಲಿರುವ 15ನೇ ಲೂಯಿಯ ಮಲಗುವ ಕೋಣೆಯ ಕಮೋಡ್ (1739) ನೋಡಿ. ಮರದ ಕೆಲಸ ಗೋದ್ರೋನದು, ಮೈತುಂಬ ಹರಡಿದ ಕಂಚು ಜಾಕ್ ಕಾಫಿಯೇರಿಯದು.

ಹಂತ 5: ಮುದ್ರೆ ಹುಡುಕಿ, ಆದರೆ ಅದನ್ನೇ ನಂಬಬೇಡಿ

ಜನ ಜಾಸ್ತಿ ಎಡವುವುದು ಇಲ್ಲಿ.

ಪ್ಯಾರಿಸ್ ಗಿಲ್ಡ್ 1743ರಲ್ಲಿ ನಿಯಮ ಬರೆಯಿತು, 1751ರಿಂದ ಅದು ಜಾರಿಗೆ ಬಂತು. ಪ್ರತಿ ಮಾಸ್ಟರ್ (ಸ್ವಂತ ಕಾರ್ಖಾನೆ ನಡೆಸಲು ಅನುಮತಿ ಪಡೆದ ಕಸುಬುದಾರ) ತನ್ನ ಹೆಸರಿನ ಕಬ್ಬಿಣದ ಅಚ್ಚನ್ನು ಮರಕ್ಕೆ ಸುತ್ತಿಗೆಯಿಂದ ಒತ್ತಬೇಕು. ಇದೇ 'ಎಸ್ತಾಂಪೀ'. ಗಿಲ್ಡ್‌ನ ಪರಿಶೀಲಕರು ಬಂದು ನೋಡಿ, ಕೆಲಸ ಸರಿಯಿದೆ ಎನಿಸಿದರೆ ಪಕ್ಕದಲ್ಲಿ 'ಜೆ.ಎಂ.ಇ.' ಎಂಬ ಕೂಡಕ್ಷರ ಒತ್ತುತ್ತಿದ್ದರು. 1791ರಲ್ಲಿ ಕ್ರಾಂತಿಯ ಸರ್ಕಾರ ಗಿಲ್ಡ್‌ಗಳನ್ನೇ ರದ್ದು ಮಾಡಿತು.

ಎಲ್ಲಿ ಹುಡುಕಬೇಕು? ಕಮೋಡ್ ಆದರೆ ಅಮೃತಶಿಲೆ ಎತ್ತಿ, ಮೂಲೆಯ ಕಂಬಗಳ ತಲೆಯ ಮೇಲೆ. ಕುರ್ಚಿಯಾದರೆ ತಲೆಕೆಳಗು ಮಾಡಿ, ಸೀಟಿನ ಪಟ್ಟಿಯ ಅಡಿಭಾಗದಲ್ಲಿ. ಮೇಜಾದರೆ ಡ್ರಾಯರ್ ತೆಗೆದು ಚೌಕಟ್ಟಿನ ಅಡಿಯಲ್ಲಿ.

ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ಈ ನಾಲ್ಕು ಸಂಗತಿ ನೆನಪಿರಲಿ.

ಒಂದು, ಮುದ್ರೆ ಇಲ್ಲದಿದ್ದರೆ ನಕಲಿ ಎಂದರ್ಥವಲ್ಲ. ಅರಮನೆಯ ಆಶ್ರಯದಲ್ಲಿ, ಅಂದರೆ ಲೂವ್ರ್, ಗೊಬೆಲಾಂ ಮುಂತಾದ ರಾಜನ ಜಾಗಗಳಲ್ಲಿ ಕೆಲಸ ಮಾಡುವವರಿಗೆ ಗಿಲ್ಡ್‌ನ ನಿಯಮ ಅನ್ವಯಿಸುತ್ತಿರಲಿಲ್ಲ. ಅತ್ಯುತ್ತಮವಾದ ಅರಮನೆ ಕೆಲಸಕ್ಕೇ ಮುದ್ರೆ ಇರದಿರಬಹುದು.

ಎರಡು, ಮುದ್ರೆಯಲ್ಲಿರುವ ಮನುಷ್ಯ ಅಷ್ಟು ಹೊತ್ತಿಗೆ ಸತ್ತಿರಬಹುದು. ಜರ್ಮನಿಯಿಂದ ಬಂದ ಜಾನ್-ಫ್ರಾಂಸ್ವಾ ಓಬೆನ್ 1763ರಲ್ಲಿ ತೀರಿಕೊಂಡ. ಗಂಡ ಸತ್ತ ಮೇಲೆ ಹೆಂಡತಿ ಕಾರ್ಖಾನೆ ನಡೆಸಲು ಗಿಲ್ಡ್ ಒಪ್ಪುತ್ತಿತ್ತು. ಫ್ರಾಂಸ್ವಾಸ್-ಮಾರ್ಗರೀತ್ ವಾಂಡರ್‌ಕ್ರೂಸ್ ಹಾಗೇ ನಡೆಸಿದಳು. ಅಲ್ಲಿ ಕೆಲಸಕ್ಕಿದ್ದ ಇನ್ನೊಬ್ಬ ಜರ್ಮನ್ ಜಾನ್-ಆನ್ರಿ ರೀಸನೇರ್ (1734–1806) ಅವಳನ್ನು ಮದುವೆಯಾದ. 1768ರಲ್ಲಿ ಅವನು ಮಾಸ್ಟರ್ ಆಗುವವರೆಗೆ ಕಾರ್ಖಾನೆಯಿಂದ ಹೊರಬಿದ್ದ ವಸ್ತುಗಳ ಮೇಲೆ ಓಬೆನ್ ಮುದ್ರೆಯೇ ಬೀಳುತ್ತಿತ್ತು. ಅಷ್ಟು ವರ್ಷ ಆ ಮನೆ ಬಿದ್ದುಹೋಗದಂತೆ ಹಿಡಿದವಳು ಆ ಹೆಂಗಸು. ಅವಳ ಹೆಸರಿನ ಅಚ್ಚು ಮಾತ್ರ ಇಲ್ಲ.

ಮೂರು, ರಿಪೇರಿ ಮಾಡಿದವನೂ ಮಾರಿದವನೂ ತನ್ನ ಮುದ್ರೆ ಒತ್ತಿರಬಹುದು. ಎರಡು ಹೆಸರು ಕಂಡರೆ ಇಬ್ಬರೂ ಸೇರಿ ಮಾಡಿದ್ದು ಎಂದು ಹೇಳಲು ಹೋಗಬೇಡಿ.

ನಾಲ್ಕು, ಮುದ್ರೆಯ ಅಚ್ಚು ಮಾಡಿಸುವುದು ಕಷ್ಟದ ಕೆಲಸವೇ ಅಲ್ಲ. ಹಳೆಯ ಮುದ್ರೆಯ ಗುಳಿಯೊಳಗೂ ಸುತ್ತಲಿನ ಮರದಷ್ಟೇ ಕೊಳೆ, ಕಪ್ಪು ಇರಬೇಕು. ಗುಳಿಯ ಒಳಗೆ ಮರ ತಾಜಾ ಬಣ್ಣದಲ್ಲಿ ಕಂಡರೆ ಅದು ಈಚೆಗೆ ಒತ್ತಿದ್ದು.

ಕೆಲವರು ಬರೀ ಮೊದಲಕ್ಷರ ಒತ್ತುತ್ತಿದ್ದರು. 'ಬಿ.ವಿ.ಆರ್.ಬಿ.' ಎಂಬ ಮುದ್ರೆ ಯಾರದೆಂದು 1957ರವರೆಗೆ ಜಗತ್ತಿಗೆ ಗೊತ್ತಿರಲಿಲ್ಲ. ಅದು ಎರಡನೇ ಬರ್ನಾರ್ಡ್ ವಾನ್ ರಿಸೆನ್‌ಬರ್ಗ್‌ನದು. 1737ರಲ್ಲಿ ಫೊಂಟೆನ್‌ಬ್ಲೋ ಅರಮನೆಯಲ್ಲಿ 15ನೇ ಲೂಯಿಯ ರಾಣಿ ಮಾರಿ ಲೆಷಿನ್‌ಸ್ಕಾಗಾಗಿ ಬಂದ ಜಪಾನಿ ಲ್ಯಾಕರ್ (ಮರದ ರಸದಿಂದ ಮಾಡುವ ಕಪ್ಪು ಮೆರುಗು) ಕಮೋಡ್ ಅವನ ಕೈಯದ್ದು. ಈಗ ಲೂವ್ರ್‌ನಲ್ಲಿದೆ.

ಹಂತ 6: ಅರಮನೆಯ ಸಂಖ್ಯೆ

'ರಾಜನದ್ದು' ಎಂದು ಹೇಳಲು ನಿಜವಾದ ಆಧಾರ ಸಿಗುವುದು ಈ ಹಂತದಲ್ಲಿ. ಇದಕ್ಕೆ ಸಮಯ ಕೊಡಿ.

1663ರಲ್ಲಿ 14ನೇ ಲೂಯಿ ಮತ್ತು ಅವನ ಮಂತ್ರಿ ಕೊಲ್ಬೇರ್ 'ಗಾರ್ಡ್-ಮ್ಯೂಬ್ಲ್' ಎಂಬ ಇಲಾಖೆ ಕಟ್ಟಿದರು. ರಾಜನ ಎಲ್ಲ ಅರಮನೆಗಳ ಪೀಠೋಪಕರಣ ಕೊಳ್ಳುವುದು, ಸಾಗಿಸುವುದು, ರಿಪೇರಿ ಮಾಡಿಸುವುದು, ಲೆಕ್ಕ ಇಡುವುದು ಅದರ ಕೆಲಸ. 1666ರಿಂದ 1784ರವರೆಗೆ ಅವರು ಒಂದು ದಿನಚರಿ ಬರೆದರು. ಹದಿನೆಂಟು ಸಂಪುಟ. ವಸ್ತು ಬಂದ ದಿನ, ಒಂದರ ನಂತರ ಒಂದು ಓಡುವ ಸಂಖ್ಯೆ, ಒದಗಿಸಿದವನ ಹೆಸರು, ಯಾವ ಅರಮನೆಯ ಯಾವ ಕೋಣೆಗೆ ಹೋಗಬೇಕು, ಯಾವ ಮರ, ಯಾವ ಬಣ್ಣದ ಅಮೃತಶಿಲೆ, ಉದ್ದ ಅಗಲ ಎತ್ತರ. ಎಲ್ಲವೂ ಅಲ್ಲಿದೆ. ಅದೇ ಸಂಖ್ಯೆಯನ್ನು ವಸ್ತುವಿನ ಹಿಂಬದಿಯಲ್ಲೋ ಅಡಿಯಲ್ಲೋ ಕುಂಚದಿಂದ ಬರೆಯುತ್ತಿದ್ದರು. ಈ ಸಂಪುಟಗಳು ಫ್ರಾನ್ಸಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಉಳಿದಿವೆ. ಒಂದು ಮೇಜಿನ ಹುಟ್ಟುದಿನ ಇಷ್ಟು ನಿಖರವಾಗಿ ತಿಳಿಯುವುದು ಬೇರೆ ಎಲ್ಲೂ ಅಪರೂಪ. ಗುಮಾಸ್ತರ ಈ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ.

ಒಂದು ಉದಾಹರಣೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಕೆಂಪು ಮೆರುಗಿನ ಒಂದು ಬರೆಯುವ ಮೇಜಿದೆ. ಎಬೆನಿಸ್ಟ್ ಜಿಲ್ ಜೂಬೇರ್ ಅದನ್ನು 15ನೇ ಲೂಯಿಯ ವರ್ಸೇಲ್ಸ್ ಕೋಣೆಗೆ 1759ರ ಡಿಸೆಂಬರ್ ಕೊನೆಯಲ್ಲಿ ತಲುಪಿಸಿದ್ದ. ಇದು ಅಂದಾಜಲ್ಲ. ದಿನಚರಿಯ ದಾಖಲೆ.

ನೀವು ಮಾಡಬೇಕಾದದ್ದು ಹೀಗೆ:

1. ಹಿಂಬದಿ, ಅಡಿ, ಡ್ರಾಯರ್ ಗೂಡು ಎಲ್ಲ ಕಡೆ ಟಾರ್ಚ್ ಹಾಕಿ ಸಂಖ್ಯೆ, ಅಕ್ಷರ, ಕಾಗದದ ಚೀಟಿ ಹುಡುಕಿ. ಒರೆಸಬೇಡಿ, ತೊಳೆಯಬೇಡಿ. ಮಾಸಿದ ಮಸಿ ಒಂದೇ ಸಲದ ಒದ್ದೆ ಬಟ್ಟೆಗೆ ಹೋಗಿಬಿಡುತ್ತದೆ.
2. ಕಾಯಿಸಿದ ಕಬ್ಬಿಣದಿಂದ ಸುಟ್ಟು ಒತ್ತಿದ ಗುರುತಿದೆಯೇ ನೋಡಿ. ಕಿರೀಟದ ಕೆಳಗೆ 'ಡಬ್ಲ್ಯು' ಆಕಾರ ಇದ್ದರೆ ವರ್ಸೇಲ್ಸ್. 'ಸಿ.ಟಿ.' ಅಕ್ಷರಗಳ ಸುತ್ತ ರಾಣಿಯ ಗಾರ್ಡ್-ಮ್ಯೂಬ್ಲ್ ಎಂದು ಫ್ರೆಂಚ್‌ನಲ್ಲಿ ಬರೆದಿದ್ದರೆ ಅದು ಟ್ರಿಯಾನನ್, ಮೇರಿ ಆಂಟೊನೆಟ್‌ಳ ಸ್ವಂತ ವ್ಯವಸ್ಥೆ.
3. ಎಲ್ಲದರ ಫೋಟೋ ತೆಗೆಯಿರಿ. ಬೆಳಕನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಓರೆಯಾಗಿ ಹಿಡಿದು ತೆಗೆಯಿರಿ.
4. ಅಳತೆ ತೆಗೆದು ಹಳೆಯ ಲೆಕ್ಕಕ್ಕೆ ಬದಲಿಸಿ. ಆಗಿನ ಒಂದು 'ಪಿಯೆ' (ರಾಜನ ಅಡಿ) ಎಂದರೆ 32.48 ಸೆಂಟಿಮೀಟರ್. ಅದರಲ್ಲಿ 12 'ಪೂಸ್', ಒಂದು ಪೂಸ್ 2.707 ಸೆಂಟಿಮೀಟರ್. ದಾಖಲೆಯಲ್ಲಿ ಉದ್ದ 4 ಪಿಯೆ 6 ಪೂಸ್ ಎಂದಿದ್ದರೆ ನಿಮ್ಮ ಟೇಪಿನಲ್ಲಿ ಸುಮಾರು 146 ಸೆಂಟಿಮೀಟರ್ ಬರಬೇಕು. ಇಂಗ್ಲಿಷ್ ಅಡಿ (30.48) ಹಾಕಿ ಲೆಕ್ಕ ಮಾಡಿದರೆ 137 ಬರುತ್ತದೆ. ಅಲ್ಲಿಗೆ ಎಲ್ಲ ತಪ್ಪುತ್ತದೆ.
5. ಸಂಖ್ಯೆ, ವಿವರಣೆ, ಅಳತೆ ಮೂರೂ ಕೂಡಿ ಬಂದರೆ ಮಾತ್ರ ಮುಂದಕ್ಕೆ ಹೋಗಿ. ಬರೀ ಸಂಖ್ಯೆಯನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ?

ಅಳತೆ ಸ್ವಲ್ಪ ಹೆಚ್ಚುಕಡಿಮೆ ಆದರೆ ಕೂಡಲೇ ಕೈಬಿಡಬೇಡಿ. ಹುಳು ತಿಂದ ಕಾಲಿನ ತುದಿ ಕತ್ತರಿಸಿರಬಹುದು. ಅಮೃತಶಿಲೆ ಬದಲಾಗಿರಬಹುದು. ಆದರೆ ಅಗಲವೇ ಹೊಂದದಿದ್ದರೆ ಅದಕ್ಕೆ ನೆಪ ಹುಡುಕಬೇಡಿ.

ದಿನಚರಿಯಲ್ಲಿರುವ ಹೆಸರು ಒದಗಿಸಿದವನದು. ಮಾಡಿದವನು ಬೇರೆಯವನಾಗಿರಬಹುದು. ಜೂಬೇರ್‌ಗೆ ವಯಸ್ಸಾಗಿತ್ತು, ಬೇಡಿಕೆ ಜಾಸ್ತಿ ಇತ್ತು. ಹಲವು ಕೆಲಸಗಳನ್ನು ಬೇರೆ ಮಾಸ್ಟರ್‌ಗಳಿಂದ ಮಾಡಿಸಿ ತನ್ನ ಹೆಸರಿನಲ್ಲಿ ಒಪ್ಪಿಸುತ್ತಿದ್ದ. ವ್ಯಾಪಾರಿಗಳೂ ಹಾಗೇ. ಮೇಲೆ ಹೇಳಿದ ರಾಣಿಯ ಲ್ಯಾಕರ್ ಕಮೋಡನ್ನು ಅರಮನೆಗೆ ಒದಗಿಸಿದವನು ಎಬೇರ್ ಎಂಬ ವ್ಯಾಪಾರಿ.

1784ರಲ್ಲಿ ಇಲಾಖೆಗೆ ಹೊಸ ಮುಖ್ಯಸ್ಥ ಬಂದ: ತಿಯೆರಿ ದ ವಿಲ್-ದಾವ್ರೇ. ರೀಸನೇರ್‌ನ ಬೆಲೆ ದುಬಾರಿಯಾಯಿತೆಂದು ಅವನನ್ನು ಬದಿಗಿಟ್ಟು ಗಿಯೋಮ್ ಬೆನೆಮಾನ್‌ಗೆ ಕೆಲಸ ಕೊಡಲು ಶುರುಮಾಡಿದರು. ಲೆಕ್ಕದ ಪದ್ಧತಿಯೂ ಬದಲಾಯಿತು. ಹಾಗಾಗಿ 1784ರ ನಂತರದ ವಸ್ತುವನ್ನು ಹಳೆಯ ದಿನಚರಿಯಲ್ಲಿ ಹುಡುಕಿ ಸಮಯ ಹಾಳು ಮಾಡಿಕೊಳ್ಳಬೇಡಿ. ಆಗಿನ ಅರಮನೆವಾರು ಪಟ್ಟಿಗಳನ್ನು ನೋಡಬೇಕು.

ಹಂತ 7: ಅರಮನೆಯಿಂದ ಇಲ್ಲಿಯವರೆಗಿನ ದಾರಿ

1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೇಲ್ಸ್‌ನಲ್ಲಿ 16ನೇ ಲೂಯಿಯನ್ನು ಕಂಡರು. ಅರಮನೆ ಆಗಿನ್ನೂ ತುಂಬಿ ತುಳುಕುತ್ತಿತ್ತು. ಐದು ವರ್ಷದಲ್ಲಿ ಎಲ್ಲ ಖಾಲಿ. 1793ರ ಆಗಸ್ಟ್ 25ರಿಂದ 1794ರ ಆಗಸ್ಟ್‌ವರೆಗೆ ಕ್ರಾಂತಿಯ ಸರ್ಕಾರ ಅಲ್ಲಿನ ಸಾಮಾನನ್ನು ಹರಾಜು ಹಾಕಿತು. 17,000ಕ್ಕೂ ಜಾಸ್ತಿ ಲಾಟುಗಳು. ರೀಸನೇರ್ ತಾನೇ ಮಾಡಿದ್ದ ಕೆಲವನ್ನು ತಾನೇ ಹರಾಜಿನಲ್ಲಿ ಕೊಂಡ.

ಆದ್ದರಿಂದ ರಾಜನ ವಸ್ತು ಹೊರಗೆ ಸಿಗುವುದು ಅಸಾಧ್ಯವೇನಲ್ಲ. ಆದರೆ 1793ರಿಂದ ಇಂದಿನವರೆಗೆ ಅದು ಯಾರ ಯಾರ ಕೈಯಲ್ಲಿತ್ತು ಎಂಬ ಸರಪಳಿ ಬೇಕು. ಇದನ್ನೇ ಪ್ರಾವಿನೆನ್ಸ್ ಅನ್ನುತ್ತಾರೆ. ಒಳ್ಳೆಯ ಸರಪಳಿ ಹೇಗಿರುತ್ತದೆ ನೋಡಿ: ರೀಸನೇರ್ 1783ರಲ್ಲಿ ಮೇರಿ ಆಂಟೊನೆಟ್‌ಗೆ ಮಾಡಿದ ಕಪ್ಪು-ಚಿನ್ನದ ಜಪಾನಿ ಲ್ಯಾಕರ್‌ನ ಕಮೋಡ್ ಮತ್ತು ಬರೆಯುವ ಬೀರು. ಮೊದಲು ವರ್ಸೇಲ್ಸ್, ಆಮೇಲೆ ಸೇಂಟ್-ಕ್ಲೂ ಅರಮನೆ. ಮುಂದೆ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಡ್ಯೂಕ್‌ಗಳ ಮನೆ. 1882ರಲ್ಲಿ ಆ ಮನೆಯ ದೊಡ್ಡ ಹರಾಜು. ಅಲ್ಲಿಂದ ಅಮೆರಿಕದ ವಾಂಡರ್‌ಬಿಲ್ಟ್. 1920ರಲ್ಲಿ ಅವರ ಉಯಿಲಿನಂತೆ ಮೆಟ್ರೋಪಾಲಿಟನ್ ಮ್ಯೂಸಿಯಂ.

ನಡುವೆ ನೂರು ವರ್ಷ ಖಾಲಿ ಬಿಟ್ಟು "ಒಂದು ಶ್ರೀಮಂತ ಕುಟುಂಬದಲ್ಲಿತ್ತು" ಎಂದಷ್ಟೇ ಹೇಳಿದರೆ ಅದನ್ನು ಸರಪಳಿ ಎನ್ನಲಾಗದು. ಹೆಸರು, ವರ್ಷ, ಲಾಟ್ ಸಂಖ್ಯೆ ಕೇಳಿ. ಲೂವ್ರ್, ವರ್ಸೇಲ್ಸ್, ಮೆಟ್ರೋಪಾಲಿಟನ್ ಮೂರೂ ತಮ್ಮ ಸಂಗ್ರಹವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. ನಿಮ್ಮ ವಸ್ತುವಿನ ಜೋಡಿ ಅಲ್ಲಿದೆಯೇ ಹುಡುಕಿ. ಜೋಡಿಯ ಒಳಗಿನ ಕಟ್ಟು ಮತ್ತು ನಿಮ್ಮದರ ಕಟ್ಟು ಹೋಲಬೇಕು.

ಹಂತ 8: ನಕಲು ಮತ್ತು ಮೋಸ

ಎರಡೂ ಒಂದೇ ಅಲ್ಲ. 19ನೇ ಶತಮಾನದಲ್ಲಿ ಹೆಸರಾಂತ ಕುಶಲಿಗಳು ಮುಚ್ಚುಮರೆಯಿಲ್ಲದೆ ನಕಲು ಮಾಡಿದರು: ಆನ್ರಿ ದಾಸೋಂ, ಬೋರ್ದಲೇ, ಫ್ರಾಂಸ್ವಾ ಲಿಂಕೆ. ಎಲ್ಲರೂ ನಕಲು ಮಾಡಲು ಬಯಸಿದ್ದು 15ನೇ ಲೂಯಿಯ ಉರುಳೆ ಮುಚ್ಚಳದ ಡೆಸ್ಕನ್ನು. 1760ರಲ್ಲಿ ಓಬೆನ್ ಶುರುಮಾಡಿ, 1769ರಲ್ಲಿ ರೀಸನೇರ್ ಮುಗಿಸಿದ ಡೆಸ್ಕು ಅದು. ಮಾರ್ಕೆಟ್ರಿಯಲ್ಲೇ ರೀಸನೇರ್ ತನ್ನ ಹೆಸರು, ವರ್ಷ ಬರೆದಿದ್ದಾನೆ. ಮೂಲ ವರ್ಸೇಲ್ಸ್‌ನಲ್ಲಿದೆ. ವಾಲೆಸ್ ಕಲೆಕ್ಷನ್‌ನಲ್ಲಿರುವುದು 19ನೇ ಶತಮಾನದ ಪ್ರತಿ. ಹಾಗೆಂದೇ ಅಲ್ಲಿ ಬರೆದಿದ್ದಾರೆ. ಅಂಥ ಒಳ್ಳೆಯ ಪ್ರತಿಗಳಿಗೆ ತಮ್ಮದೇ ಬೆಲೆಯಿದೆ.

ಮೋಸ ಬೇರೆ. 2016ರಲ್ಲಿ ಹೊರಬಿದ್ದ ಪ್ರಕರಣದಲ್ಲಿ ವರ್ಸೇಲ್ಸ್ ಅರಮನೆಯೇ ಕೊಂಡಿದ್ದ '18ನೇ ಶತಮಾನದ' ಕುರ್ಚಿಗಳು ನಕಲಿ ಎಂದು ಗೊತ್ತಾಯಿತು. 2025ರಲ್ಲಿ ಫ್ರಾನ್ಸಿನ ನ್ಯಾಯಾಲಯ ಈ ಕ್ಷೇತ್ರದ ಹೆಸರಾಂತ ತಜ್ಞನೊಬ್ಬನನ್ನೂ ಒಬ್ಬ ಮರಗೆತ್ತನೆಗಾರನನ್ನೂ ತಪ್ಪಿತಸ್ಥರೆಂದು ತೀರ್ಪು ಕೊಟ್ಟಿತು. ಅರಮನೆಯ ತಜ್ಞರೇ ಮೋಸ ಹೋದ ಜಾಗ ಇದು. ಕುರ್ಚಿಯಲ್ಲಿ ಅಪಾಯ ಜಾಸ್ತಿ ಏಕೆಂದರೆ ಹಳೆಯ ಬೀಚ್ ಮರದ ಸಾಧಾರಣ ಚೌಕಟ್ಟುಗಳು ಸುಲಭವಾಗಿ ಸಿಗುತ್ತವೆ. ಒಂದು ಅಸಲಿ ಕುರ್ಚಿಯನ್ನು ಬಿಚ್ಚಿ, ಅದರ ಭಾಗಗಳನ್ನು ಹಂಚಿ ನಾಲ್ಕು ಕುರ್ಚಿ ಮಾಡುವವರೂ ಇದ್ದಾರೆ. ಅದಕ್ಕೇ ಜೋಡಿ ಕುರ್ಚಿ ನೋಡುವಾಗ ಪ್ರತಿಯೊಂದನ್ನೂ ತಲೆಕೆಳಗು ಮಾಡಿ. ಒಂದೇ ಕುರ್ಚಿಯಲ್ಲಿ ಒಂದು ಪಟ್ಟಿ ಹಳೆಯದು, ಮೂರು ಹೊಸದು ಎಂದು ಕಂಡರೆ ಎದ್ದು ಬನ್ನಿ.

ಕೊಳ್ಳುವ, ಸಾಗಿಸುವ ಮುಂಚೆ

ಬೂಲ್ ಕೆಲಸದ ಆಮೆಚಿಪ್ಪು ಅಳಿವಿನಂಚಿನ ಕಡಲಾಮೆಯದ್ದು. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದ ಮತ್ತು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ (1972) ಎರಡೂ ಅದಕ್ಕೆ ಅನ್ವಯಿಸುತ್ತವೆ. ಹಳೆಯದಲ್ವಾ ಅಂತ ಸುಮ್ನೆ ತರಿಸಿಕೊಳ್ಳಬೇಡಿ. ಕಾಗದಪತ್ರ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ಜಪ್ತಿಯಾಗಬಹುದು. ಆನೆದಂತಕ್ಕೂ ಇದೇ ಮಾತು. ಫ್ರಾನ್ಸಿನಿಂದ ಹೊರಗೆ ತರಲು ಅಲ್ಲಿನ ಸರ್ಕಾರದ ರಫ್ತು ಪ್ರಮಾಣಪತ್ರ ಬೇಕಾಗಬಹುದು. 'ರಾಷ್ಟ್ರೀಯ ನಿಧಿ' ಎಂದು ಘೋಷಿಸಿದರೆ ಪ್ರಮಾಣಪತ್ರ ಸಿಗುವುದಿಲ್ಲ. ಭಾರತದಲ್ಲೇ ಇರುವ, ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳಿಸುವ ಯೋಚನೆಯಿದ್ದರೆ ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ. 1972ರ ಪುರಾತನ ವಸ್ತುಗಳ ಕಾಯ್ದೆ ಇದೆ.

ಕಣ್ಣು ಪಳಗಿಸಲು

ಕೊಳ್ಳುವ ಉದ್ದೇಶ ಇಲ್ಲದಿದ್ದರೂ ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲ. ಲಂಡನ್‌ನಲ್ಲಿರುವ ಕನ್ನಡಿಗರಿಗೆ ವಾಲೆಸ್ ಕಲೆಕ್ಷನ್ ಅದೃಷ್ಟ. ಪ್ರವೇಶ ಉಚಿತ, ಜನಸಂದಣಿ ಕಡಿಮೆ, ವಸ್ತುಗಳು ಹತ್ತಿರದಿಂದ ಕಾಣುತ್ತವೆ. ಲಾಸ್ ಏಂಜಲಿಸ್ ಕಡೆ ಇರುವವರಿಗೆ ಗೆಟ್ಟಿ ಮ್ಯೂಸಿಯಂ, ಅದೂ ಉಚಿತ. ಪ್ಯಾರಿಸ್‌ಗೆ ಹೋದರೆ ಲೂವ್ರ್‌ನ 18ನೇ ಶತಮಾನದ ಕೋಣೆಗಳು (ಮಂಗಳವಾರ ರಜೆ), ವರ್ಸೇಲ್ಸ್‌ನಲ್ಲಿ ರಾಜನ ಒಳಕೋಣೆಗಳು (ಸೋಮವಾರ ರಜೆ). ಜೊತೆಗೆ ಕಾಂಕಾರ್ಡ್ ಚೌಕದ ಹೋಟೆಲ್ ದ ಲಾ ಮರೀನ್ ಬಿಡಬೇಡಿ. ಹಿಂದೆ ಅದೇ ಗಾರ್ಡ್-ಮ್ಯೂಬ್ಲ್ ಕಚೇರಿಯಾಗಿತ್ತು. 2021ರಿಂದ ಸಾರ್ವಜನಿಕರಿಗೆ ತೆರೆದಿದೆ.

ಹೋದಾಗ ಒಂದೇ ಮಧ್ಯಾಹ್ನ ಎಲ್ಲ ಕೋಣೆ ಮುಗಿಸಲು ಹೋಗಬೇಡಿ. ಒಂದು ಕಮೋಡ್ ಆರಿಸಿಕೊಳ್ಳಿ. ಪಕ್ಕದಿಂದ ನೋಡಿ. ಕಂಚು ಮರಕ್ಕೆ ಎಲ್ಲಿ ಕೂರುತ್ತದೆ, ಎರಡು ವೆನೀರ್ ಹಾಳೆಗಳ ನಾರು ಎಲ್ಲಿ ಸೇರುತ್ತದೆ, ಡ್ರಾಯರ್‌ಗಳ ನಡುವಿನ ಗೆರೆಯನ್ನು ಚಿತ್ರದೊಳಗೆ ಹೇಗೆ ಅಡಗಿಸಿದ್ದಾರೆ ಎಂದು ಹುಡುಕಿ. ಆಮೇಲೆ ಮಾಹಿತಿ ಫಲಕ ಓದಿ. ಮಾಡಿದವನ ಹೆಸರಿನ ಮುಂದೆ 'ಮುದ್ರೆಯಿದೆ' ಎಂದಿದೆಯೋ, 'ಇವನದೆಂದು ಊಹೆ' ಎಂದಿದೆಯೋ, 'ಇವನು ಒದಗಿಸಿದ್ದು' ಎಂದಿದೆಯೋ ನೋಡಿ. ಈ ಮೂರರ ವ್ಯತ್ಯಾಸ ಈಗ ನಿಮಗೆ ಗೊತ್ತು.